ಗೋಡೆಯ ಮೇಲಿನ ಕೆಂಪು ನಂಬರು

ಅವಳ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಕಂಪ್ಯೂಟರಿನ ಕೀಲಿ ಒತ್ತುವಾಗ ಅವೆರಡೂ ಮುನಿಸಿಕೊಂಡ ನೆಂಟರ ಹಾಗೆ ದೂರ ನಿಂತಿರುತ್ತವೆ. ಎಲ್ಲರ ಬಾಯಲ್ಲೂ ಅವಳು ರಿಪೇರಿ ಅಕ್ಕ. ಬೆರಳಿಗೇನಾಯಿತು ಎಂದು ಕೇಳಿದವರಿಗೆ, "ಒಂದು ನಂಬರು ಅಳಿಸೋಕೆ ಹೋಗಿದ್ದೆ" ಎಂದಷ್ಟೇ ಹೇಳುತ್ತಾಳೆ.

ಏಟಿನ ಸದ್ದು ಅವಳಿಗೆ ತೊಟ್ಟಿಲಿನಿಂದಲೇ ಪರಿಚಯ. ಟೀವಿಯಲ್ಲಿ ಚಿತ್ರ ಅಲ್ಲಾಡಿದರೆ ಅಪ್ಪ ಟೀವಿಗೆ ಬಾರಿಸುತ್ತಿದ್ದ, ಊಟಕ್ಕೆ ಉಪ್ಪು ಹೆಚ್ಚಾದರೆ ಅಮ್ಮನಿಗೆ. ಟೀವಿ ಒಂದೊಂದು ಸಲ ಸರಿಹೋಗಿಬಿಡುತ್ತಿತ್ತು. ಅವನ ತಲೆ ಕೆಡಿಸಿದ್ದೇ ಅದು. ಅಮ್ಮನ ದವಡೆ ಮುರಿದ ದಿನ ಹನ್ನೊಂದು ವರ್ಷದ ಈ ಹುಡುಗಿ ಟೀವಿಯ ಬೆನ್ನು ಬಿಚ್ಚಿ, ಸಡಿಲವಾಗಿದ್ದ ಒಂದು ತಂತಿಯನ್ನು ಬಿಗಿ ಮಾಡಿದಳು. ಆಮೇಲೆ ಚಿತ್ರ ಅಲ್ಲಾಡಲಿಲ್ಲ. ಅಪ್ಪನ ಕೈ ನಿಂತದ್ದು ಮಾತ್ರ ಅವನು ಹೆಣವಾದ ಮೇಲೆಯೇ. ಹೊಡೆಯುವ ಮುಂಚೆ ಮನುಷ್ಯನ ಉಸಿರು ಹೇಗೆ ಬದಲಾಗುತ್ತದೆ ಎಂಬುದನ್ನು ಅವಳು ಆ ಮನೆಯಲ್ಲೇ ಕಲಿತಳು.

ಟೀವಿ ರಿಪೇರಿಯಿಂದ ಕಂಪ್ಯೂಟರ್ ರಿಪೇರಿಗೆ ಬಂದು ಇಪ್ಪತ್ತು ವರ್ಷವಾಗಿದ್ದಾಗ ತಗಡು ಕತ್ತರಿಸುವ ಒಂದು ಕಾರ್ಖಾನೆಯಿಂದ ಕರೆ ಬಂತು. ಅಲ್ಲಿನ ಯಜಮಾನನಿಗೆ ಕೆಲಸಗಾರರು ಇಟ್ಟ ಹೆಸರು ಸುತ್ತಿಗೆ. ಅವನ ಬೆಲ್ಟಿನಲ್ಲಿ ಅದು ಸದಾ ನೇತಾಡುತ್ತಿತ್ತು. ತಗಡಿನ ದಪ್ಪ, ಅಚ್ಚಿನ ಅಳತೆ, ಮರೆಯಬಾರದ ನಂಬರು ಯಾವುದಿದ್ದರೂ ಅವನೇ ಕೆಂಪು ಬಣ್ಣದಲ್ಲಿ ಗೋಡೆಗೆ ಬರೆಯುತ್ತಿದ್ದ. ಗೋಡೆಯ ನಂಬರನ್ನು ಅನುಮಾನಿಸಿದ ಒಬ್ಬನಿಗೆ ಮುಂದಿನ ಎರಡು ಹಲ್ಲಿರಲಿಲ್ಲ.

ಅವಳು ಒಳಗೆ ಬಂದಾಗ ಸುತ್ತಿಗೆ ತನ್ನ ಸ್ವಂತ ತಮ್ಮನ ಕೊರಳಪಟ್ಟಿ ಹಿಡಿದಿದ್ದ. ತಮ್ಮನಿಗೂ ನಲವತ್ತು ದಾಟಿತ್ತು, ಮೀಸೆ ನರೆತಿತ್ತು. ಅವನ ಕಿವಿಯಿಂದ ರಕ್ತ ಇಳಿದು ಅಂಗಿ ನೆನೆದಿತ್ತು.

"ಬಾಮ್ಮಾ. ಈ ಕತ್ತೆ ಕಂಪ್ಯೂಟರ್ ಕೆಡಿಸಿ ನಾಲ್ಕು ದಿನ ಆಯ್ತು. ನಕ್ಷೆ ತೆರೀತಿಲ್ಲ. ಕೆಡಿಸಿದ್ದು ಇವನೇ ಅಂತ ನಿನ್ನ ಬಾಯಿಂದ ಬರ್ಲಿ, ಇವನ ಕೈನ ಪ್ರೆಸ್ ಕೆಳಗೆ ಇಡ್ತೀನಿ."

"ನಾನೇನೂ ಮುಟ್ಟಿಲ್ಲ ಅಣ್ಣ..."

"ಬಾಯ್ಮುಚ್ಚೋ!" ಎಂದು ಇನ್ನೊಂದು ಬಿಟ್ಟ. ಪಕ್ಕದಲ್ಲಿ ಪ್ರೆಸ್ ಧಡ್, ಧಡ್ ಎಂದು ತಗಡು ಜಜ್ಜುತ್ತಲೇ ಇತ್ತು.

"ಯಜಮಾನ್ರೇ, ಇವರು ಕೂತು ಟೈಪ್ ಮಾಡ್ಬೇಕು. ಹೊಡೆದ್ರೆ ಕೈ ನಡುಗುತ್ತೆ, ನನ್ನ ಕೆಲಸ ತಡ ಆಗುತ್ತೆ," ಎಂದಳು ಅವಳು, ಮಗುವಿಗೆ ಔಷಧಿ ಕುಡಿಸುವವಳ ದನಿಯಲ್ಲಿ.

ತಗಡು ಕತ್ತರಿಸುವ ನಕ್ಷೆಯ ಸಾಫ್ಟ್‌ವೇರ್ ಓಡುತ್ತಿದ್ದದ್ದು ಹಿಂದಿನ ಕೋಣೆಯ ಹಳೆಯ ಯುನಿಕ್ಸ್ ಕಂಪ್ಯೂಟರ್ ಯಂತ್ರದಲ್ಲಿ. ಚಿತ್ರ ಮೂಡಬೇಕಾದದ್ದು ಮುಂದಿನ ಮೇಜಿನ ಸಾಧಾರಣ ಕಂಪ್ಯೂಟರಿನಲ್ಲಿ. ಚಿತ್ರವನ್ನು ಯಾವ ಮೇಜಿಗೆ ಕಳಿಸಬೇಕು ಎಂದು ಹಳೆಯ ಯಂತ್ರಕ್ಕೆ ದಿನಾ ಹೇಳಬೇಕು. ಮನೆ ನಂಬರು ಹೇಳಿದ ಹಾಗೆ, ಮೇಜಿನ ಕಂಪ್ಯೂಟರಿನ ನಂಬರು ಹೇಳಬೇಕು. ತಮ್ಮ, ಗೋಡೆಯ ಮೇಲಿನ ಕೆಂಪು ನಂಬರು ನೋಡಿಕೊಂಡು ಟೈಪ್ ಮಾಡಿದ. ಅದರ ಕೊನೆಯಲ್ಲಿ ಇಪ್ಪತ್ತಮೂರು. 'ಡಿಸ್‌ಪ್ಲೇ ತೆರೆಯಲಾಗುತ್ತಿಲ್ಲ' ಎಂಬ ಒಂದೇ ಸಾಲು ಬಂತು.

ಅವಳು ಅವಸರ ಮಾಡಲಿಲ್ಲ. ಚಿತ್ರ ತೋರಿಸುವ ಪ್ರೋಗ್ರಾಂ ಮೇಜಿನ ಕಂಪ್ಯೂಟರಿನಲ್ಲಿ ಓಡುತ್ತಿದೆಯೇ ಎಂದು ನೋಡಿದಳು. ಓಡುತ್ತಿತ್ತು. ಹೊರಗಿನ ಚಿತ್ರವನ್ನು ಅದು ಒಳಗೆ ಬಿಟ್ಟುಕೊಳ್ಳುತ್ತದೆಯೇ? ಅದಕ್ಕೂ ಅಡ್ಡಿಯಿರಲಿಲ್ಲ. ಬಗ್ಗಿ ತಂತಿಗಳನ್ನು ನೋಡಿದಳು. ಧೂಳು ಮೆತ್ತಿದ ತಂತಿಗಳ ನಡುವೆ ಎರಡೂ ಕಂಪ್ಯೂಟರುಗಳನ್ನು ಬೆಸೆಯುವ ಪೆಟ್ಟಿಗೆಯೊಂದೇ ಹೊಸದು, ಬೆಳ್ಳಗೆ ಹೊಳೆಯುತ್ತಿತ್ತು.

"ಹಳೇದು ಎಲ್ಲಿ ತಮ್ಮಾ?"

"ಒಡೆದು ಹೋಯ್ತು ಅಕ್ಕ."

"ಅದಾಗೇ ಒಡೀತಾ?"

ತಮ್ಮ ನೆಲ ನೋಡಿದ. ಕೆಲಸಗಾರರೆಲ್ಲ ಎದುರು ಗೋಡೆ ನೋಡಿದರು. ಅಲ್ಲಿ ತಲೆಯೆತ್ತರದಲ್ಲಿ ಗಾರೆ ಕಿತ್ತು ಹೋಗಿತ್ತು. ಐದು ದಿನದ ಹಿಂದೆ ಸುತ್ತಿಗೆ ಆ ಪೆಟ್ಟಿಗೆಯನ್ನು ಕಿತ್ತು ತಮ್ಮನ ತಲೆಗೆ ಬೀಸಿದ್ದ. ತಲೆ ತಪ್ಪಿತ್ತು.

ಅವಳಿಗೆ ಅರ್ಥವಾಯಿತು. ಹೊಸ ಪೆಟ್ಟಿಗೆ ಮೇಜಿನ ಕಂಪ್ಯೂಟರಿಗೆ ಹೊಸ ನಂಬರು ಕೊಟ್ಟಿತ್ತು, ಕೊನೆಯಲ್ಲಿ ಮೂವತ್ತೊಂದು. ನಾಲ್ಕು ದಿನದಿಂದ ನಕ್ಷೆಯ ಚಿತ್ರ, ಈಗ ಇಲ್ಲದ ಮನೆಯ ಬಾಗಿಲು ತಟ್ಟುತ್ತಿತ್ತು. ಅವಳು ಮೂವತ್ತೊಂದು ಬರೆಸಿ, ಪರೀಕ್ಷೆಗೆಂದು ಹಳೆಯ ಯಂತ್ರದಿಂದ ಒಂದು ಪುಟ್ಟ ಗಡಿಯಾರದ ಚಿತ್ರ ಕರೆಸಿದಳು. ಪರದೆಯ ಮೇಲೆ ಗಡಿಯಾರ ಪಟ್ಟನೆ ಅರಳಿತು. ಹನ್ನೊಂದೂ ಇಪ್ಪತ್ತು.

"ಸರಿಹೋಯ್ತಲ್ಲ! ಈಗ ಹೇಳು. ಕೆಡಿಸಿದ್ದು ಇವನೇ ತಾನೆ?" ಸುತ್ತಿಗೆ ತಮ್ಮನ ಮಣಿಕಟ್ಟು ಹಿಡಿದು ಪ್ರೆಸ್ ಕಡೆ ಎಳೆದ.

ಹೌದೂ ಅಲ್ಲವೂ ಅನ್ನದೆ ಚೀಲ ಎತ್ತಿಕೊಂಡು ಹೊರಟುಬಿಡಬಹುದಿತ್ತು. ಅವಳಿಗೆ ಅಮ್ಮನ ಓರೆ ದವಡೆ ನೆನಪಾಯಿತು.

"ಅಲ್ಲ ಯಜಮಾನ್ರೇ. ಪೆಟ್ಟಿಗೆ ಒಡೆದವರು ನೀವು. ಈ ಗೋಡೆ ನಂಬರು ಆವತ್ತೇ ಸತ್ತುಹೋಯ್ತು. ಇದಿರೋವರೆಗೂ ಇವರು ಇದನ್ನೇ ಬರೀತಾರೆ, ನೀವು ಹೊಡೀತಾನೇ ಇರ್ತೀರ." ಸ್ಕ್ರೂಡ್ರೈವರ್ ತೆಗೆದು ಕೆಂಪು ಬಣ್ಣ ಕೆರೆಯತೊಡಗಿದಳು.

ಬೆನ್ನ ಹಿಂದೆ ಉಸಿರು ಬದಲಾದದ್ದು ಅವಳಿಗೆ ಕೇಳಿಸಿತು. ಕೇಳಿಸಿದರೂ ಕೈ ತೆಗೆಯಲಿಲ್ಲ. ಅವನ ಬೆಲ್ಟಿನ ಸುತ್ತಿಗೆ ಇಪ್ಪತ್ತಮೂರರ ಮೇಲಿದ್ದ ಅವಳ ಎರಡು ಬೆರಳಿನ ಮೇಲೆ ಬಿತ್ತು. ಎಲುಬು ಒಡೆದ ಸದ್ದು ಪ್ರೆಸ್ಸಿನ ಸದ್ದಿನಲ್ಲೂ ಎಲ್ಲರಿಗೂ ಕೇಳಿಸಿತು.

ಎರಡನೆಯ ಏಟು ಬೀಳಲಿಲ್ಲ. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರು ನಿಲ್ಲದಿದ್ದ ತಮ್ಮ ಕೀಬೋರ್ಡನ್ನು ತಂತಿ ಸಮೇತ ಕಿತ್ತು ಅವನ ಮುಖಕ್ಕೆ ಅಪ್ಪಳಿಸಿದ. ಕೀಲಿಗಳು ನೆಲದ ತುಂಬ ಚೆಲ್ಲಿದವು. ಮೂಗು ಮುರಿದು ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಮತ್ತೆ ಹೊಡೆದ.

"ಸಾಕು ತಮ್ಮಾ. ಹೊಡೆದ್ರೆ ಸರಿಹೋಗೋ ಜಾತಿ ಅಲ್ಲ ಅದು. ಆಸ್ಪತ್ರೆಗೆ ನಡಿ," ಎಂದಳು ಅವಳು, ಹಲ್ಲು ಕಚ್ಚಿಕೊಂಡು.

ತಮ್ಮ ಆ ಕಾರ್ಖಾನೆಗೆ ಮತ್ತೆ ಹೋಗಲಿಲ್ಲ. ಈಗ ಇವಳ ಅಂಗಡಿಯಲ್ಲೇ ಕೂರುತ್ತಾನೆ. ಇವಳು ಹೇಳುತ್ತಾಳೆ, ಅವನು ಟೈಪ್ ಮಾಡುತ್ತಾನೆ.

ಎರಡು ತಿಂಗಳ ಮೇಲೆ ಸುತ್ತಿಗೆಯ ಫೋನು ಬಂತು. ಅವಳು ಸ್ಪೀಕರ್ ಹಾಕಿ ತಮ್ಮನ ಎದುರು ಮೇಜಿನ ಮೇಲಿಟ್ಟಳು. ಗುಂಯ್‌ಗುಡುವ ಮೂಗಿನ ದನಿ. "ಅಮ್ಮಾ, ನಕ್ಷೆ ಮತ್ತೆ ತೆರೀತಿಲ್ಲ. ಹೊಸ ಆಪರೇಟರ್ ಏನೋ ಮಾಡಿದಾನೆ."

"ಗೋಡೆ ಮೇಲೆ ಏನಿದೆ, ಓದಿ ಯಜಮಾನ್ರೇ."

"ಇಪ್ಪತ್ತಮೂರು. ನೀನು ಕೆರೆದಿದ್ದೆಯಲ್ಲ, ನಾನೇ ಮತ್ತೆ ಬರೆದೆ."

"ಮೂವತ್ತೊಂದು ಅಂತ ಆವತ್ತೇ ತೋರಿಸಿದ್ದೆ. ನೀವೂ ಸ್ಪೀಕರ್ ಹಾಕಿ, ಆ ಹುಡುಗನಿಗೇ ಹೇಳ್ತೀನಿ."

ಸ್ಪೀಕರ್ ಹಾಕಿದ ಸದ್ದಿನ ಹಿಂದೆಯೇ ಆ ಕಡೆ ಸುತ್ತಿಗೆಯ ಉಸಿರು ಬದಲಾಯಿತು. "ಕೂತಿರೋ ಹುಡುಗಾ, ಎದ್ದೇಳಪ್ಪಾ. ಬಾಗಿಲಿಂದ ಹೊರಗೆ ನಡಿ, ಈಗಲೇ!" ಎಂದು ಅವಳು ಫೋನಿನಲ್ಲಿ ಕೂಗಿದಳು. ಕುರ್ಚಿ ಉರುಳಿದ ಸದ್ದು, ಓಡುವ ಕಾಲಿನ ಸದ್ದು ಕೇಳಿಸಿತು. ಆಮೇಲೆ ಧಡ್, ಧಡ್, ಧಡ್ ಎಂದು ಗಾಜು ಪುಡಿಯಾಗುವ ಸದ್ದು.

"ಪರದೆಗೆ ಹೊಡೀತಿದಾನೆ," ಎಂದ ತಮ್ಮ.

"ಹೊಡೀಲಿ. ಕೂತವನು ಎದ್ದು ಹೋಗಿದಾನೆ," ಎಂದು ಅವಳು ಫೋನಿಟ್ಟಳು.