ಊರಿನ ಲೆಕ್ಕದ ಲಗ್ನ

ಲಗ್ನ ಎಂದರೆ ತಾಗಿಕೊಂಡದ್ದು. ಸಂಸ್ಕೃತದ ‘ಲಗ್’ ಧಾತುವಿನಿಂದ ಬಂದ ಶಬ್ದ. ಮಗು ಹುಟ್ಟುವ ಗಳಿಗೆಯಲ್ಲಿ ಪೂರ್ವದ ದಿಗಂತವನ್ನು ತಾಗಿ ಮೇಲೇರುತ್ತಿರುವ ರಾಶಿ ಆ ಮಗುವಿನ ಲಗ್ನ. ಮದುವೆಗೆ ಆ ಹೆಸರು ಬಂದದ್ದು ಆಮೇಲೆ. ಊರು ಬದಲಾದರೆ ದಿಗಂತವೂ ಬದಲು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೇ ಅದು ತಿಳಿದದ್ದು ನಲವತ್ತೇಳನೇ ವಯಸ್ಸಿನಲ್ಲಿ.

ನಾನು ಹುಟ್ಟಿದ್ದು ಮುಂಬಯಿಯ ಬೈಕುಲ್ಲಾದ ಆಸ್ಪತ್ರೆಯಲ್ಲಿ. ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ಅಪ್ಪ, ನನ್ನ ಜಾತಕ ಬರೆಸಲು ಉಡುಪಿ ಕಡೆಯ ಜೋಯಿಸರಿಗೆ ಕಾಗದ ಹಾಕಿದರು. ದಿನ, ಗಂಟೆ, ನಿಮಿಷ ಎಲ್ಲ ಸರಿಯಾಗಿ ಬರೆದರು. ಹುಟ್ಟಿದ ಊರು ಎಂಬಲ್ಲಿ ಮುಂಬಯಿ ಬಿಟ್ಟು ನಮ್ಮೂರಿನ ಹೆಸರನ್ನೇ ಬರೆದರು. ಮುಂಬಯಿಯಲ್ಲಿ ಎಷ್ಟು ವರ್ಷ ಕಳೆದರೂ ನಮ್ಮವರಿಗೆ ಊರೆಂದರೆ ಊರೇ. ಇದು ಬರೀ ಹೊಟ್ಟೆಪಾಡಿನ ಜಾಗ. ರಾಶಿಯೊಂದು ಮುಗಿಯುವ ಅಂಚಿನಲ್ಲಿ ಹುಟ್ಟಿದವಳು ನಾನು. ಜೋಯಿಸರು ಊರಿನ ಲೆಕ್ಕದಲ್ಲಿ ಮುಂದಿನ ರಾಶಿಗೆ ಲಗ್ನ ಕಟ್ಟಿದರು. ಅಲ್ಲಿಂದ ಎಂಟನೇ ಮನೆಯಲ್ಲಿ ಕುಜ ಬಂದು ಕೂತ. ಗಂಡನ ಆಯುಸ್ಸಿಗೆ ಕುತ್ತು ಎಂದು ಬರೆದು ಕಳಿಸಿದರು. ಆಮೇಲೆ ಯಾವ ಜೋಯಿಸರ ಹತ್ತಿರ ಹೋದರೂ ಅದೇ ಕುಂಡಲಿ, ಅದೇ ಮಾತು.

ಇಪ್ಪತ್ತಾರರಲ್ಲಿ ನಾನು ಒಬ್ಬನನ್ನು ಒಪ್ಪಿದ್ದೆ. ಕನ್ನಡ ಸಂಘದ ನಾಟಕದ ತಾಲೀಮಿನಲ್ಲಿ ಕಂಡವನು, ನನ್ನ ಸಿಡುಕಿಗೆ ನಗುತ್ತಿದ್ದವನು. ಅವನ ಮನೆಯವರು ಜಾತಕ ಕೇಳಿರಲೇ ಇಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನ್ನಪ್ಪನಿಗೆ ಸುಮ್ಮನಿರಲೂ ಬರಲಿಲ್ಲ.

“ನಾಳೆ ಮಾತು ಬರ್ಬಾರ್ದು ಮಗಾ” ಎಂದು ತಾವಾಗಿ ಜಾತಕ ಹಿಡಿದುಕೊಂಡು ಅವರ ಮನೆಗೆ ಹೋದರು. ಅವನ ತಾಯಿ ಅತ್ತರಂತೆ. ಅವನು ನನಗೆ ಒಂದು ಫೋನೂ ಮಾಡಲಿಲ್ಲ. ಮುಂದೆ ಬಂದ ಪ್ರತಿ ಸಂಬಂಧಕ್ಕೂ ಅಪ್ಪ ಅದೇ ಸತ್ಯ ಹೇಳಿದರು. ಬಂದವರೆಲ್ಲ ಕಾಫಿ ಕುಡಿದು ಎದ್ದು ಹೋದರು.

ಕಳೆದ ತಿಂಗಳು ಆಫೀಸಿನ ಗೆಳತಿ ತಮಾಷೆಗೆಂದು ನನ್ನ ವಿವರಗಳನ್ನು ಮೊಬೈಲಿನ ಜಾತಕದ ಆ್ಯಪಿಗೆ ಹಾಕಿದಳು. ಹುಟ್ಟಿದ ಸ್ಥಳ ಕೇಳಿತು, ಮುಂಬಯಿ ಎಂದೆ. ಲಗ್ನ ಒಂದು ರಾಶಿ ಹಿಂದಕ್ಕೆ ಸರಿಯಿತು, ಕುಜ ಒಂಬತ್ತನೇ ಮನೆಗೆ ಹೋದ. ದೋಷವಿಲ್ಲ ಎಂದು ಬಂತು. ನಾನು ಇದನ್ನೆಲ್ಲ ನಂಬುವವಳಲ್ಲ. ನಂಬುವವರಾದರೂ ಸರಿಯಾಗಿ ನೋಡಬಾರದಿತ್ತೇ?

ಆಂಟಾಪ್ ಹಿಲ್‌ನ ಮನೆಯಲ್ಲಿ ಊಟಕ್ಕೆ ಕೂತಿದ್ದ ಅಪ್ಪನಿಗೆ ಮೊಬೈಲು ತೋರಿಸಿ, ಎಲ್ಲವನ್ನೂ ಹೇಳಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ತಪ್ಪಾಯಿತು ಎನ್ನುತ್ತಾರೆಂದು ಕಾದೆ. ಅವರ ಮುಖ ಅರಳಿತು.

“ಹಾಗಾದ್ರೆ ಆ ಹುಡುಗನ ಮನೆಗೆ ಒಂದು ಫೋನ್ ಮಾಡುವ ಮಗಾ. ನಮ್ಮ ಹುಡುಗಿಗೆ ದೋಷ ಇರ್ಲಿಲ್ಲ ಅಂತ ಹೇಳ್ಬೇಕಲ್ಲ. ನಾವು ಸುಳ್ಳು ಹೇಳಿದ ಹಾಗೆ ಆಯ್ತು.”

ಆ ಹುಡುಗನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ನಾನು ಅಪ್ಪನ ಕೈಯಿಂದ ಮೊಬೈಲು ಕಿತ್ತುಕೊಂಡು, ಅವರ ಬಟ್ಟಲಿಗೆ ಸಾರು ಬಡಿಸಿದೆ.