ಸತ್ತ ಪರದೆಯ ಹಸಿರು ಅಂಕಿ

ನಮ್ಮ ಮಾಸ್ತರರನ್ನು ಕೊಂದದ್ದು ರಿಯಾಕ್ಟರ್ ಅಲ್ಲ, ಆ ಔಷಧ ಕಾರ್ಖಾನೆಯ ಆಡಳಿತ. ಅಪಘಾತವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಶವವನ್ನು ನಾನು ಗುರುತು ಹಿಡಿದದ್ದು ಬಲಗೈಯ ಹೆಬ್ಬೆರಳಿನಿಂದ. ಅದಕ್ಕೆ ಉಗುರಿರಲಿಲ್ಲ, ತುದಿ ಚಪ್ಪಟೆಯಾಗಿತ್ತು. ತಾರುಣ್ಯದಲ್ಲಿ ಅವರು, ಕೆಟ್ಟು ನಿಂತ ಮೀಟರಿನ ಸೊನ್ನೆಯನ್ನು ನಂಬಿ ಪಂಪಿಗೆ ಕೈ ಹಾಕಿದಾಗ ಯಂತ್ರ ಅದನ್ನು ಕಿತ್ತುಕೊಂಡಿತ್ತು.

ತಾರ್ನಾಕದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ಸಂಜೆ ದಿಲ್‌ಸುಖ್‌ನಗರದ ಅವರ ತರಗತಿಗೆ ಹೋಗುತ್ತಿದ್ದೆ. ಪೈಥಾನ್ ಭಾಷೆಯ ಟಿಕಿಂಟರ್ ಲೈಬ್ರರಿ ಬಳಸಿ ವಿಂಡೋ, ಬಟನ್, ಅಂಕಿ ತೋರಿಸುವ ಚೌಕಗಳನ್ನು ಕಟ್ಟುವುದು ಅವರ ಪಾಠ. ತಂದೆಯ ಸರಕಾರಿ ನೌಕರಿಯ ಜೊತೆ ಕಲಬುರಗಿ ಕಡೆಯಿಂದ ಬಂದವರು. ಬೀದಿಯಲ್ಲಿ ತೆಲುಗು, ಪಾಠಕ್ಕೆ ಇಂಗ್ಲಿಷ್, ಸಿಟ್ಟಿಗೆ ಕನ್ನಡ. ನಮಗೆ ಹೆಚ್ಚು ಕೇಳಿಸಿದ್ದು ಕನ್ನಡವೇ.

ನನ್ನ ಮೊದಲ ಪ್ರೋಗ್ರಾಂ ದೊಡ್ಡದೊಂದು ಲೆಕ್ಕಕ್ಕೆ ತೊಡಗಿದೊಡನೆ ವಿಂಡೋ ಹೆಪ್ಪುಗಟ್ಟಿತು. ಬಟನ್ ಒತ್ತಿದರೂ ಜಪ್ಪಯ್ಯ ಎನ್ನಲಿಲ್ಲ. ಹಳೆಯ ಅಂಕಿ ಮಾತ್ರ ಹೊಳೆಯುತ್ತಿತ್ತು. ಮಾಸ್ತರರು ಕೀಬೋರ್ಡನ್ನು ಎತ್ತಿ ಗೋಡೆಗೆ ಅಪ್ಪಳಿಸಿದರು.

"ಇದು ಸತ್ತೈತಿ. ಸತ್ತ ಮ್ಯಾಲೂ ನಗಾಕತ್ತೈತಿ ನೋಡು."

"ಮಾಸ್ತರ, ತಪ್ಪು ನಂದು. ಕೀಬೋರ್ಡಿಗ್ಯಾಕ ಹೊಡೀತೀರಿ?"

"ನಿನಗ ಹೊಡದ್ರ ನಿಮ್ಮವ್ವ ಬರ್ತಾಳ."

ಆಮೇಲೆ ಶಾಂತವಾಗಿ ವಿವರಿಸಿದರು. ಪರದೆಯನ್ನು ಕ್ಷಣಕ್ಷಣಕ್ಕೂ ಹೊಸದಾಗಿಸುವ ಸುತ್ತಿನ ಮೇಲೆಯೇ ಭಾರದ ಕೆಲಸ ಹೇರಿದರೆ ಪರದೆ ನಿಂತುಬಿಡುತ್ತದೆ, ನೋಡುವವನಿಗೆ ಮಾತ್ರ ಅದು ತಿಳಿಯುವುದಿಲ್ಲ. ಆದ್ದರಿಂದ ಅವರು ಕಟ್ಟಿದ ಪ್ರತಿಯೊಂದು ವಿಂಡೋದ ಮೂಲೆಯಲ್ಲೂ ಮಿಡಿಯುವ ಒಂದು ಚುಕ್ಕಿ ಇರುತ್ತಿತ್ತು. ಚುಕ್ಕಿ ಮಿಡಿಯುವವರೆಗೆ ಅಂಕಿಯನ್ನು ನಂಬಬಹುದು; ನಿಂತರೆ ಎದ್ದು ಓಡಬೇಕು.

ನಗರದ ಹೊರಗಿನ ಆ ಕಾರ್ಖಾನೆಗೆ ರಿಯಾಕ್ಟರಿನ, ಅಂದರೆ ರಾಸಾಯನಿಕ ಬೇಯಿಸುವ ಪಾತ್ರೆಯ, ಒತ್ತಡ ತೋರಿಸುವ ಪರದೆಯನ್ನು ಕಟ್ಟಿಕೊಟ್ಟವರು ಅವರೇ. ಅದರ ಮುಂದೆ ಕೂರುವ ಆಪರೇಟರ್ ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದು ಕಾರ್ಖಾನೆ ಸೇರಿದ ಹುಡುಗ. ಅವನಿಗೆಂದು ಬಟನ್ ಮೇಲೆ ಕನ್ನಡದಲ್ಲಿ 'ನಿಲ್ಲಿಸು' ಎಂದು ಬರೆದು, ಕೈಗವಸು ತೊಟ್ಟ ಹೆಬ್ಬೆರಳಿಗೂ ಸಿಗುವಷ್ಟು ದೊಡ್ಡದು ಮಾಡಿದ್ದರು.

ಹೊಸ ಮ್ಯಾನೇಜರರಿಗೆ ಚುಕ್ಕಿ ಮಕ್ಕಳ ಆಟಿಕೆಯಂತೆ ಕಂಡಿತು. ಅದನ್ನು ತೆಗೆಸಿದರು. ಗಂಟೆಗೊಮ್ಮೆ ವರದಿ ತಯಾರಿಸುವ ಕೆಲಸವನ್ನು ಬೇರೆಯವರಿಂದ, ಪರದೆಯನ್ನು ಹೊಸದಾಗಿಸುವ ಅದೇ ಸುತ್ತಿನೊಳಗೆ ಸೇರಿಸಿದರು. ಆಪರೇಟರ್ ಮಾಸ್ತರರಿಗೆ ಫೋನ್ ಮಾಡಿದಾಗ ನಾನು ತರಗತಿಯಲ್ಲೇ ಇದ್ದೆ.

"ಚುಕ್ಕಿ ತಗದಾರ್ರಿ ಸರ್. ಸ್ಕ್ರೀನ್ ಸತ್ತೈತೋ ಬದುಕೈತೋ ಹೆಂಗ ತಿಳೀಬೇಕ್ರಿ?"

"ಸ್ಕ್ರೀನ್ ನಂಬಬ್ಯಾಡ. ಎದ್ದು ಹೋಗಿ ಗೇಜ್ ನೋಡು."

"ಎದ್ರ ಸೂಪರ್‌ವೈಸರ್ ಬೈತಾನ್ರಿ. ಕುಂದರಲೇ ಅಂತಾನ."

ಮರುದಿನ ನಾವಿಬ್ಬರೂ ಹೋದೆವು. ಮ್ಯಾನೇಜರ್ ಕುರ್ಚಿ ಬಿಟ್ಟು ಏಳಲಿಲ್ಲ. "ಒಂದು ಚುಕ್ಕಿಗೋಸ್ಕರ ಪ್ಲಾಂಟ್ ನಿಲ್ಲಿಸಬೇಕಾ, ಮಾಸ್ಟರ್‌ಗಾರು?" ಎಂದು ನಕ್ಕರು.

"ಈಗ ನಿಲ್ಲಸ್ರಿ. ಇಲ್ಲಂದ್ರ ಮಂದೀನ್ನ ತಗೊಂಡು ನಿಲ್ಲತೈತಿ."

ಸೆಕ್ಯುರಿಟಿಯವರು ಮಾಸ್ತರರ ಕೊರಳಪಟ್ಟಿ ಹಿಡಿದು ಎಳೆದು ಹೊಡೆದರು. ಅಂಗಿ ಹರಿಯಿತು, ತುಟಿ ಒಡೆದು ರಕ್ತ ಸುರಿಯಿತು. ಮಾಸ್ತರರು ಕೊಸರಿಕೊಂಡು ರಿಯಾಕ್ಟರ್ ಶೆಡ್ಡಿಗೆ ಓಡಿದರು. ನಾನು ಬಾಗಿಲು ಮುಟ್ಟುವಷ್ಟರಲ್ಲಿ ಪರದೆಯ ಮೇಲೆ ಅಂಕಿ ಹಸಿರಾಗಿ ನಿಂತಿತ್ತು. ಪಾತ್ರೆಯ ಮೇಲಿನ ಗೇಜಿನ ಮುಳ್ಳು ಕೆಂಪು ಗೆರೆ ದಾಟಿತ್ತು. ಆಪರೇಟರ್ 'ನಿಲ್ಲಿಸು' ಬಟನ್ ಒತ್ತುತ್ತಲೇ ಇದ್ದ. ಪರದೆ ವರದಿ ತಯಾರಿಸುವುದರಲ್ಲಿ ಮುಳುಗಿತ್ತು.

"ಏಳಲೇ, ಓಡು," ಎಂದು ಮಾಸ್ತರರು ಅವನನ್ನು ನನ್ನ ಕಡೆಗೆ ನೂಕಿ, ಒತ್ತಡ ಇಳಿಸುವ ವಾಲ್ವಿನತ್ತ ತಿರುಗಿದರು. ಅವರ ಬೆನ್ನು ಕಂಡದ್ದೇ ಕೊನೆ. ಪಾತ್ರೆ ಸೀಳಿತು. ತಗಡಿನ ಚಾವಣಿ ಹಾರಿತು, ಕುದಿಯುವ ದ್ರಾವಕ ಬೆಂಕಿಯಾಗಿ ನೆಲದ ಮೇಲೆ ಹರಿಯಿತು. ಓಡುತ್ತಿದ್ದ ಆಪರೇಟರನ ಬೆನ್ನಿನ ಚರ್ಮ ಅಂಗಿಯೊಡನೆ ಕಳಚಿ ಬಂತು.

ಆತ ಬದುಕಿದ್ದಾನೆ. ಆಸ್ಪತ್ರೆಯಲ್ಲಿ ಬೋರಲು ಮಲಗಿದ್ದಾನೆ. ಪಕ್ಕದಲ್ಲಿ ಪೊಲೀಸರು ಕುಳಿತಿದ್ದಾರೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು ಕಾರ್ಖಾನೆ ಅವನ ಮೇಲೆಯೇ ದೂರು ಕೊಟ್ಟಿದೆ, ಪ್ರಕರಣವೂ ದಾಖಲಾಗಿದೆ. ಮಾಸ್ತರರು ಪ್ರಾಣ ಕೊಟ್ಟು ಹೊರಗೆ ನೂಕಿದವನನ್ನು ಅವರ ಕೊಲೆಗಾರನೆಂದು ಜೈಲಿಗೆ ಕಳಿಸಲು ನಾನು ಬಿಡುವುದಿಲ್ಲ. ಸತ್ತ ಪರದೆ ಯಾವುದೆಂದು ಗುರುತಿಸಲು ನನಗೆ ಕಲಿಸಿದವರ ಋಣ ನನ್ನ ಮೇಲಿದೆ.

ಆದ್ದರಿಂದ ಕಾರ್ಖಾನೆಯ ಆಡಳಿತವನ್ನೂ ಅದಕ್ಕೆ ಪರವಾನಗಿ ಕೊಟ್ಟ ಇಲಾಖೆಯನ್ನೂ ಬಹಿರಂಗವಾಗಿ ಕೇಳುತ್ತಿದ್ದೇನೆ: ಆ ಚುಕ್ಕಿಯನ್ನು ಯಾರ ಆದೇಶದ ಮೇರೆಗೆ ತೆಗೆಯಲಾಯಿತು? ಎಚ್ಚರಿಕೆ ಕೊಟ್ಟವರನ್ನು ಹೊಡೆಯಲು ಹೇಳಿದವರು ಯಾರು? ಇದಕ್ಕೆ ಲಿಖಿತ ಉತ್ತರ ಕೊಡಬೇಕು. ಆಪರೇಟರ್ ಮೇಲಿನ ಪ್ರಕರಣವನ್ನು ಕೈಬಿಟ್ಟು, ಆದೇಶಿಸಿದವರನ್ನು ಆರೋಪಿಗಳೆಂದು ಹೆಸರಿಸಬೇಕು. ಕಣ್ಣಾರೆ ಕಂಡ ಸಾಕ್ಷಿಯಾಗಿ ನನ್ನ ಹೇಳಿಕೆಯನ್ನು ದಾಖಲಿಸಿಕೊಳ್ಳಬೇಕೆಂದು ಈ ಮೂಲಕ ಆಗ್ರಹಿಸುತ್ತೇನೆ.