ಬಲ್ಬಿನ ಮೇಲಿನ ಹೆಬ್ಬೆಟ್ಟು

ನಮ್ಮ ಮಾವ ಕಾರಿನ ಹೆಡ್‌ಲೈಟಿಗೆ ಬಲ್ಬು ಹಾಕುವುದನ್ನು ನೀವು ನೋಡಬೇಕಿತ್ತು. ಬಾನೆಟ್ಟು ಎತ್ತಿ, ಕೋಲು ಕೊಟ್ಟು, ಮೊದಲು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು, ಒಳಗಿರುವವರಿಗೆ ತಾನು ಬಂದಿದ್ದೇನೆಂದು ಗೊತ್ತಾಗಲಿ ಅನ್ನುವ ಹಾಗೆ. ಆಮೇಲೆ ದೀಪದ ಹಿಂದಿನ ಪ್ಲಗ್ಗು ಕಿತ್ತು, ರಬ್ಬರಿನ ಟೋಪಿ ಬಿಚ್ಚಿ, ತಂತಿಯ ಕ್ಲಿಪ್ಪನ್ನು ಒತ್ತಿ ಸರಿಸಿ ಹಳೇ ಬಲ್ಬನ್ನು ಹೊರಗೆ ತೆಗೆಯುತ್ತಿದ್ದರು. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಮಾವನ ಕೈಗುಣ ಕಾಣುತ್ತಿದ್ದುದು ಇದರ ಮುಂದೆ. ಹೊಸ ಬಲ್ಬಿನ ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟು, ಬನಿಯನ್ನಿನ ಅಂಚಿನಿಂದ ಒರೆಸಿ, ಕೊನೆಗೆ ಬಲಗೈಯ ಹೆಬ್ಬೆರಳಿನಿಂದ ಮೆತ್ತಗೆ ಒಂದು ಸುತ್ತು ಸವರುತ್ತಿದ್ದರು. ಮಗುವಿಗೆ ಸ್ನಾನ ಮಾಡಿಸಿ ಕೆನ್ನೆ ಸವರುತ್ತಾರಲ್ಲ, ಹಾಗೆ. ಅದನ್ನು ಒಳಗಿಟ್ಟು ಕ್ಲಿಪ್ಪು ಹಾಕಿದ ಮೇಲೆ “ಆಯ್ತು, ಹಚ್ಚು ನೋಡೋಣ” ಎಂದು ನನ್ನನ್ನು ಕೂಗುತ್ತಿದ್ದರು.

ಮಾವ ಮೂವತ್ತೊಂದು ವರ್ಷ ಶಾಲಾ ವ್ಯಾನು ಓಡಿಸಿದವರು. ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ‘ಮೆಲ್ಲ ಮಾಮ’. ಸೈಕಲ್ಲಿನವರು ಹಿಂದೆ ಹಾಕಿ ಹೋದರೂ ಬೇಸರವಿಲ್ಲ, ಒಂದು ಮಗುವಿನ ಹಣೆ ಮುಂದಿನ ಸೀಟಿಗೆ ತಾಗಬಾರದು. ಕೆಲಸದಿಂದ ಬಿಡುಗಡೆಯಾದ ಮೇಲೆ ಹಳೆಯ ನೀಲಿ ಕಾರೊಂದನ್ನು ಕೊಂಡರು. ಈಗ ಅದಕ್ಕೆ ಇಪ್ಪತ್ತೆರಡು ವರ್ಷ. ಮನೆಯಲ್ಲಿ ಅದಕ್ಕೆ ‘ಮುದುಕಿ’ ಅನ್ನುತ್ತೇವೆ, ಮಾವನ ಎದುರಿಗೆ ಅನ್ನುವುದಿಲ್ಲ. ಎರಡು ವರ್ಷದ ಹಿಂದೆ ಮಾವನ ಎಡಗಾಲು ಜೋಮು ಹಿಡಿದು ಕ್ಲಚ್ಚು ಒತ್ತಲಾರದೆ ಹೋದಾಗ ಕೀಲಿಕೈಯನ್ನು ಸ್ವಂತ ಮಗನ ಕೈಗೆ ಕೊಡಲಿಲ್ಲ, ಸೊಸೆಯಾದ ನನಗೆ ಕೊಟ್ಟರು. “ಅವನು ಗೇರ್ ಹಾಕಲ್ಲಮ್ಮ, ಗೇರ್ ಜೊತೆ ಜಗಳ ಆಡ್ತಾನೆ” ಅಂದರು. ನನ್ನ ಗಂಡ ಲಿಫ್ಟು ರಿಪೇರಿ ಮಾಡುವವನು. ಮೇಲೆ ಕೆಳಗೆ ಹೋಗುವುದು ಬಿಟ್ಟರೆ ಅವನಿಗೆ ಮುಂದೆ ಹೋಗುವುದು ಬರುವುದಿಲ್ಲ ಎಂದು ನಾನೂ ಸೇರಿಸಿದೆ.

ಕೀಲಿ ಕೊಟ್ಟ ಮೇಲೆ ಮಾವನಿಗೆ ಉಳಿದಿದ್ದು ಕಾರಿನ ಆರೈಕೆ ಒಂದೇ. ಗಾಳಿ, ನೀರು, ಎಣ್ಣೆ, ದೀಪ. ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗುವುದಕ್ಕೆ ಒಂದು ನೆಪ ಇತ್ತು, ಮಧ್ಯಾಹ್ನ ಹೇಳಿಕೊಳ್ಳುವುದಕ್ಕೆ ಒಂದು ಸುದ್ದಿ ಇತ್ತು.

ನನ್ನ ಕೆಲಸ ಪಾರ್ಶ್ವವಾಯು ಹೊಡೆದವರ ಮನೆಗಳಿಗೆ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುವುದು, ಎಣ್ಣೆ ಹಚ್ಚಿ ನೀವುವುದು. ಕೊನೆಯ ಮನೆ ಮುಗಿಸುವ ಹೊತ್ತಿಗೆ ಕತ್ತಲು ಇಳಿದಿರುತ್ತದೆ. ಹೋದ ವರ್ಷ ಒಮ್ಮೆ “ಮಾವ, ದೀಪ ತುಂಬಾ ಮಂಕು, ರಸ್ತೆ ಕಾಣೋದೇ ಇಲ್ಲ” ಅಂದೆ. ಅಂದಿದ್ದೇ ತಡ, ಮರುದಿನವೇ ಮಾವ ಜಾಸ್ತಿ ಬೆಳಕಿನ ಹೊಸ ಬಲ್ಬುಗಳ ಜೋಡಿ ತಂದು ಹಾಕಿದರು. ಉಸಿರು ಬಿಟ್ಟು, ಒರೆಸಿ, ಸವರಿ.

ಬೆಳಕೇನೂ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಆದರೆ ಬಲ್ಬುಗಳು ಸಾಯತೊಡಗಿದವು. ಒಮ್ಮೆ ಎಡಗಡೆಯದು, ಒಮ್ಮೆ ಬಲಗಡೆಯದು, ಎರಡು ತಿಂಗಳಿಗೊಂದರಂತೆ. ಮಾವ ಪ್ರತಿ ಸಲವೂ ಹೊಸದು ತಂದು, ಮೊದಲಿಗಿಂತ ಹೆಚ್ಚು ಜೋಪಾನವಾಗಿ, ಮೊದಲಿಗಿಂತ ಹೆಚ್ಚು ಹೊತ್ತು ಸವರಿ ಹಾಕುತ್ತಿದ್ದರು.

ಮೂರನೆಯದು ಸತ್ತದ್ದು ನಾನು ಮನೆಗೆ ಬರುವ ದಾರಿಯಲ್ಲಿ. ಒಂದೇ ದೀಪ ಕಂಡ ಎದುರಿನ ಲಾರಿಯವನು ಬರುತ್ತಿರುವುದು ಮೋಟಾರ್ ಸೈಕಲ್ ಎಂದುಕೊಂಡು ನನ್ನ ಪಾಲಿನ ರಸ್ತೆಗೇ ನುಗ್ಗಿದ. ನಾನು ಕಾರನ್ನು ಮಣ್ಣಿಗೆ ಇಳಿಸಿ ಬದುಕಿಕೊಂಡೆ. ಮನೆಗೆ ಬಂದು ಹೇಳಿದಾಗ ಗಂಡನ ಮುಖ ಬಿಳಿಚಿಕೊಂಡಿತು. ಊಟದ ಮೇಜಿನ ಎದುರೇ ತೀರ್ಮಾನ ಮಾಡಿಬಿಟ್ಟ.

“ಸಾಕು. ಅದನ್ನ ಮಾರಿಬಿಡೋಣ. ಒಬ್ಬರು ಕೇಳ್ತಿದ್ರು, ಬುಧವಾರ ಬಂದು ನೋಡ್ಕೊಂಡು ಹೋಗ್ಲಿ.”

ಮಾವ ತಟ್ಟೆ ತೊಳೆದಿಟ್ಟು, ಒರೆಸುವ ಬಟ್ಟೆ ತಗೊಂಡು ಶೆಡ್ಡಿಗೆ ಹೋದರು. ಗಂಡ ಹೇಳಿದ್ದು ತಪ್ಪಲ್ಲ. ಆದರೆ ಮುದುಕಿ ಹೋದರೆ ಮಾವ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು?

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರಿಗೊಂದು ವಿಚಿತ್ರ ಅಭ್ಯಾಸ ಇತ್ತು, ಏನನ್ನೇ ಓದಿದರೂ ಜೋರಾಗಿ ಓದುವುದು. ಪೇಪರು, ಔಷಧಿ ಚೀಟಿ, ಸೋಪಿನ ಪೊಟ್ಟಣ, ಯಾವುದನ್ನೂ ಬಿಡುತ್ತಿರಲಿಲ್ಲ. “ಅಯ್ಯೋ, ಇಲ್ನೋಡಿ, ಏನೇನು ಬರೀತಾರಪ್ಪ!” ಎಂದು ಶುರು ಮಾಡಿ, ಕೊನೆಯ ಅಕ್ಷರದವರೆಗೂ ಓದುವುದು. ಹೊಸ ಸೊಸೆಯಾಗಿದ್ದಾಗ ನನಗೆ ತಲೆನೋವು ಬರುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅತ್ತೆ ಹೋದ ಮೇಲೆ, ಅವರ ಪಿಂಚಣಿ ಕಾಗದಕ್ಕೆ ಮಾವ ಸಹಿ ಮಾಡುವ ಬದಲು ಆ ಕಡೆ ಈ ಕಡೆ ನೋಡಿ ಹೆಬ್ಬೆಟ್ಟು ಒತ್ತಿದಾಗಲೇ ನನಗೆ ಗೊತ್ತಾಗಿದ್ದು. ಮಾವನಿಗೆ ಓದು ಬರದು. ಅಂಕಿಗಳು ಚೆನ್ನಾಗಿ ಗೊತ್ತು, ರಸ್ತೆಯ ಗುರುತುಗಳು ಗೊತ್ತು, ಅಕ್ಷರ ಮಾತ್ರ ಇಲ್ಲ. ನಲವತ್ತು ವರ್ಷ ಅತ್ತೆ ಅವರ ಕಣ್ಣಾಗಿದ್ದರು, ಹಾಗೆಂದು ಒಂದು ದಿನವೂ ತೋರಗೊಡದೆ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು, ಯಾರೂ ಬಾಯಿ ಬಿಟ್ಟಿಲ್ಲ.

ಮರುದಿನ ಬಿಡುವು ಮಾಡಿಕೊಂಡು ಕಾರನ್ನು ವೈರಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವನು ಬೊಜ್ಜಿನ ಮನುಷ್ಯ, ಬಾನೆಟ್ಟಿನೊಳಗೆ ಬಗ್ಗಿದರೆ ಕಾರೇ ಬಗ್ಗುತ್ತದೆ. ಬ್ಯಾಟರಿಯಿಂದ ದೀಪದವರೆಗೂ ಮೀಟರು ಹಿಡಿದು ನೋಡಿದ.

“ವೈರು ಚೆನ್ನಾಗಿದೆ, ಕರೆಂಟೂ ಸರಿಯಾಗಿ ಬರ್ತಿದೆ. ಕಾರಿಗೇನೂ ಆಗಿಲ್ಲಮ್ಮ. ಸುಟ್ಟ ಬಲ್ಬ್ ಏನಾದ್ರೂ ಇಟ್ಕೊಂಡಿದ್ದೀರಾ?”

ಮಾವ ಏನನ್ನೂ ಬಿಸಾಡುವವರಲ್ಲ. ಹಿಂದಿನ ರಾತ್ರಿ ಶೆಡ್ಡಿನಲ್ಲಿ ಬಿಚ್ಚಿದ್ದೂ ಸೇರಿ ಮೂರೂ ಬಲ್ಬುಗಳು ಕಾರಿನ ಖಾನೆಯಲ್ಲಿ, ಅವುಗಳ ಡಬ್ಬಿಗಳಲ್ಲೇ ಇದ್ದವು. ಅವನು ಒಂದನ್ನು ಹಿತ್ತಾಳೆಯ ಬುಡದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ.

“ಇಲ್ಲಿ ಗಾಜು ಉಬ್ಬಿದೆ, ಮೇಲೆ ಬೆಳ್ಳಗೆ ಅಚ್ಚಾಗಿದೆ, ಕಾಣುತ್ತಾ? ಯಾರದೋ ಹೆಬ್ಬೆಟ್ಟು. ಬೆರಳಿನ ಜಿಡ್ಡು ಅಂಟಿದ್ರೆ ಅಷ್ಟು ಜಾಗ ಮಾತ್ರ ವಿಪರೀತ ಕಾಯುತ್ತೆ, ಬಲ್ಬ್ ಬೇಗ ಹೋಗುತ್ತೆ. ಹಳೇ ಕಾಲದವು ತಡ್ಕೊಳ್ತಿದ್ವು. ಇವುಗಳ ಗಾಜು ಮುಟ್ಲೇಬಾರದು. ಡಬ್ಬಿ ಮೇಲೆ ಬರೆದಿರುತ್ತಲ್ಲ, ಓದಲ್ವಾ?”

ಜ್ಯಾಕು ಜಾರಿ ಆದ ಗಾಯದ ಕಲೆ ಮಾವನ ಹೆಬ್ಬೆರಳಿನ ಮೇಲೆ ಅಡ್ಡಲಾಗಿದೆ. ಆ ಅಡ್ಡಗೆರೆ ಗಾಜಿನ ಮೇಲೂ ಇತ್ತು. ಎರಡನೆಯದರ ಮೇಲೂ ಇತ್ತು, ಮೂರನೆಯದರ ಮೇಲೂ. ಡಬ್ಬಿಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳು. ಅತ್ತೆ ಇದ್ದಿದ್ದರೆ ಜೋರಾಗಿ ಓದುತ್ತಿದ್ದರು.

“ಓದಲ್ವಾ ಅಂತೆಲ್ಲ ಕೇಳ್ಬೇಡಿ. ಬಲ್ಬ್ ಕೊಡಿ” ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ದೀಪದ ಮುಂದಿನ ಮುಚ್ಚಳವನ್ನು ತಟ್ಟಿ ತೋರಿಸಿದ. ಅದು ಪ್ಲಾಸ್ಟಿಕ್ಕಿನದು, ಬಿಸಿಲಿಗೆ ಹಳದಿಯಾಗಿ ಮಬ್ಬು ಹಿಡಿದಿತ್ತು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಬೆಳಕು ಕಡಿಮೆ ಅಂತ ಬಲ್ಬ್ ಬದಲಾಯಿಸಿದ್ದೀರಿ, ತಪ್ಪು ಇದರದ್ದು. ಮರಳು ಕಾಗದದಲ್ಲಿ ನೀರು ಹಾಕ್ಕೊಂಡು ಉಜ್ಜಬೇಕು. ಸಾವಿರದ ನಂಬರು, ಆಮೇಲೆ ಒಂದೂವರೆ, ಆಮೇಲೆ ಎರಡು. ಕೊನೆಗೆ ಪಾಲಿಶು. ನಾನು ಮೆಷಿನ್‌ನಲ್ಲಿ ಮಾಡಿದ್ರೆ ಅರ್ಧಂಬರ್ಧ. ಕೈಯಲ್ಲಾದ್ರೆ ಚೆನ್ನಾಗಿ ಬರುತ್ತೆ, ಆದ್ರೆ ಎರಡು ದಿನ ಬೇಕು. ಯಾರಿಗಿದೆ ಅಷ್ಟು ತಾಳ್ಮೆ?”

ನನಗೆ ಗೊತ್ತಿತ್ತು ಯಾರಿಗಿದೆ ಎಂದು. ಕಾಗದ, ಪಾಲಿಶು, ಸಾಧಾರಣ ಬೆಳಕಿನದೇ ಒಂದು ಜೋಡಿ ಬಲ್ಬು, ಎಲ್ಲ ತಗೊಂಡೆ. ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಿದ್ದುತ್ತಾ ಬಂದೆ.

ಮಾವ ಶೆಡ್ಡಿನ ಸ್ಟೂಲಿನ ಮೇಲೆ ಕೂತಿದ್ದರು. “ಮಾವ, ತಪ್ಪು ನನ್ನದೇ ಅಂತೆ. ದಿನವೆಲ್ಲ ಎಣ್ಣೆ ಕೈ ನನ್ನದು. ಬಲ್ಬಿನ ಗಾಜಿಗೆ ಜಿಡ್ಡು ತಾಗಿದ್ರೆ ಸುಟ್ಟುಹೋಗುತ್ತಂತೆ” ಅಂದೆ. ನಾನು ಹೊಸ ಡಬ್ಬಿ ತೆಗೆದು ತಿರುಗಿಸಿದೆ. “ಅಯ್ಯೋ, ಇಲ್ನೋಡಿ, ಏನೇನು ಬರೀತಾರಪ್ಪ! ಗಾಜನ್ನು ಬರಿಗೈಯಿಂದ ಮುಟ್ಟಬೇಡಿ. ಮುಟ್ಟಿದರೆ...”

ಅಲ್ಲಿಗೆ ನನ್ನ ದನಿ ನಿಂತಿತು. ಅತ್ತೆಯ ಮಾತು, ಅತ್ತೆಯ ರಾಗ, ಎರಡೂ ಹಾಗೇ ಬಂದುಬಿಟ್ಟಿದ್ದವು.

“ನಿಮ್ಮತ್ತೆ ಹೀಗೇ ಓದ್ತಿದ್ಲು” ಅಂದರು ಮಾವ. ತಮ್ಮ ಬಲಗೈಯನ್ನು ಮಗ್ಗುಲಾಗಿಸಿ ಹೆಬ್ಬೆರಳನ್ನು ನೋಡಿಕೊಂಡರು. “ನೀನು ಒಂದು ದಿನಾನೂ ಬಲ್ಬ್ ಮುಟ್ಟಿಲ್ಲಮ್ಮ. ಮುಟ್ಟಿದ್ದು ನಾನು. ನಿನ್ನೆ ಆ ಲಾರಿ...” ಕೈಯನ್ನು ಕೆಳಗಿಳಿಸಿದರು. “ನಿನ್ನ ಗಂಡ ಹೇಳಿದ ಹಾಗೇ ಆಗ್ಲಿ. ಮಾರಿಬಿಡಿ. ನಾನಿನ್ನು ಇದನ್ನ ಮುಟ್ಟಲ್ಲ.”

ನನಗೆ ಅಳು ಬರಬೇಕಿತ್ತು. ಬಂದಿದ್ದು ಕೋಪ.

“ಮುಟ್ಟಲ್ಲ ಅಂದ್ರೆ? ಈ ಮುಚ್ಚಳ ನೋಡಿ, ಹಳದಿಯಾಗಿ ಕೂತಿದೆ. ಎರಡು ದಿನ ಕೈಯಲ್ಲಿ ಉಜ್ಜಬೇಕಂತೆ. ಯಾರು ಉಜ್ಜೋದು? ನಿಮ್ಮ ಮಗನಾ? ಅವನು ಉಜ್ಜಿದ್ರೆ ದೀಪವೇ ಉಳಿಯಲ್ಲ! ಬಲ್ಬ್ ಮುಟ್ಟಬೇಡಿ ಅಂದ್ರೆ ಕಾರೇ ಮುಟ್ಟಲ್ಲ ಅಂತ ಕೂತ್ಕೋತೀರಾ? ನನಗೆ ರಸ್ತೆ ಕಾಣ್ಬೇಕು ಮಾವ. ನೀವು ಮಾಡಿಕೊಟ್ರೆ ಮಾತ್ರ ಕಾಣುತ್ತೆ.”

ಮಾವನಿಗೆ ಅವರ ಮನೆಯಲ್ಲಿ ಹೀಗೆ ಜೋರು ಮಾಡಿದವರು ಯಾರೂ ಇರಲಿಲ್ಲ. ನನ್ನನ್ನೇ ನೋಡಿದರು. ಆಮೇಲೆ ಕೈ ಚಾಚಿ ಮರಳು ಕಾಗದದ ಕಟ್ಟು ತಗೊಂಡು ಹಾಳೆಗಳನ್ನು ಹಿಂದುಮುಂದು ಮಾಡಿದರು. ಪ್ರತಿಯೊಂದರ ಹಿಂದೆಯೂ ಅಂಕಿ ಅಚ್ಚಾಗಿತ್ತು.

“ಸಾವಿರ ಮೊದಲು” ಅಂದರು. “ಆಮೇಲೆ ಒಂದೂವರೆ ಸಾವಿರ. ಎರಡು ಸಾವಿರ ಕೊನೆಗೆ. ಅಲ್ವಾ?”

“ಅಲ್ವಾ ಏನು, ಹೌದು” ಅಂದೆ. ಯಾರೂ ಹೇಳಿಕೊಡದೆ ಅವರೇ ಓದಿಕೊಂಡಿದ್ದರು.

ಸೋಮವಾರ ಸಂಜೆ, ಮಂಗಳವಾರ ಇಡೀ ದಿನ ಮಾವ ಉಜ್ಜಿದರು. ಮಗ್ಗಿನಿಂದ ನೀರು ಹನಿಸುವುದು, ಉಜ್ಜುವುದು, ಒರೆಸಿ ಕಣ್ಣು ಹತ್ತಿರ ತಂದು ನೋಡುವುದು. ಹಳದಿ ನೀರು ನೆಲದ ಮೇಲೆ ಹರಿಯಿತು. ನನ್ನ ರೋಗಿಗಳಿಗೆ ನಾನು ಹೇಳುವ ಮಾತನ್ನೇ ಅವರ ಕೈ ಹೇಳುತ್ತಿತ್ತು, ಅವಸರ ಬೇಡ, ನಿಲ್ಲಿಸಬೇಡ. ಎರಡನೆಯ ದಿನ ಊಟಕ್ಕೆ ಕರೆದರೆ “ಬರ್ತೀನಿ ಇರು, ಇವಳಿಗೆ ಕಣ್ಣು ಬಿಡಿಸ್ತಿದ್ದೀನಿ” ಅಂದರು. ಅವರೇ ‘ಇವಳು’ ಅಂದ ಮೇಲೆ ನಾವು ‘ಮುದುಕಿ’ ಅನ್ನುವುದು ಅವರಿಗೆ ಗೊತ್ತಿರದೆ ಇರುವುದಿಲ್ಲ.

ಬುಧವಾರ ಬೆಳಿಗ್ಗೆ ನನ್ನ ಚೀಲದಿಂದ ಒಂದು ಜೊತೆ ಕೈಗವಸು ಕೊಟ್ಟೆ. ಮಾವ ಹಾಕಿಕೊಂಡು “ಈಗ ನಾನೂ ಡಾಕ್ಟ್ರು” ಅಂದರು. ಬಲ್ಬನ್ನು ಬುಡದಲ್ಲೇ ಹಿಡಿದರು. ಉಸಿರು ಬಿಡುವುದಕ್ಕೆ ಬಾಯಿ ತೆರೆದು, ನೆನಪಾಗಿ ಮುಚ್ಚಿಕೊಂಡರು. ಎಷ್ಟೋ ವರ್ಷದ ಮುದ್ದನ್ನು ಒಂದು ಡಬ್ಬಿಯ ಮೇಲಿನ ಅಕ್ಷರ ತಡೆದಿತ್ತು. ಕ್ಲಿಪ್ಪು ಕೂತಿತು, ಟೋಪಿ ಕೂತಿತು.

“ಹಚ್ಚು ನೋಡೋಣ.”

ಹಚ್ಚಿದೆ. ಶೆಡ್ಡಿನ ಗೋಡೆಯ ಮೇಲೆ ಎರಡು ಬೆಳಕು ಬಿದ್ದವು. ಇಟ್ಟಿಗೆಗಳ ನಡುವಿನ ಗೆರೆಗಳು, ಮೊಳೆಗೆ ನೇತುಹಾಕಿದ್ದ ಅತ್ತೆಯ ಹಳೇ ಕೊಡೆ, ಎಲ್ಲ ಎದ್ದು ಕಂಡವು. ಬಾಗಿಲಲ್ಲಿ ನನ್ನ ಗಂಡ ಹಲ್ಲುಜ್ಜುತ್ತಾ ನಿಂತಿದ್ದ. ಗೋಡೆ ನೋಡಿದ, ಅಪ್ಪನ ಕೈಗವಸು ನೋಡಿದ. ಬಾಯಲ್ಲಿ ನೊರೆ ಇಟ್ಟುಕೊಂಡೇ “ಬರೋರಿಗೆ ಬೇಡ ಅಂತ ಫೋನ್ ಮಾಡ್ತೀನಿ” ಅಂದು ಒಳಗೆ ಹೋದ.

ಮಾವ ಕೈಗವಸು ಬಿಚ್ಚಿ ಮಡಿಚಿ ಜೇಬಿಗೆ ಹಾಕಿಕೊಂಡರು. ಕಾರಿನ ಮುಂದೆ ಬಗ್ಗಿ ಮುಚ್ಚಳವನ್ನು ಮುಟ್ಟಹೋಗಿ ಕೈ ತಡೆದರು.

“ಇಲ್ಲಿ ಮುಟ್ಟಬಹುದಾ?”

“ಇಲ್ಲಿ ಎಷ್ಟು ಬೇಕಾದ್ರೂ ಮುಟ್ಟಿ ಮಾವ.”

ಎಡಗಡೆಯ ದೀಪದ ಮೂಲೆಯಲ್ಲಿ ಅವರು ಹೆಬ್ಬೆಟ್ಟನ್ನು ಇಟ್ಟು, ಕಾಗದದ ಮೇಲೆ ಒತ್ತುವಂತೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೊರಳಿಸಿ ಒತ್ತಿದರು. ಈ ಸಲ ಆ ಕಡೆ ಈ ಕಡೆ ನೋಡಲಿಲ್ಲ.

“ಕೆಲಸ ಮಾಡಿದವರು ಸಹಿ ಹಾಕ್ಬೇಕಲ್ಲ” ಅಂದು ನಕ್ಕರು. ನಾನೂ ನಕ್ಕೆ, ಕಣ್ಣು ಒರೆಸಿಕೊಳ್ಳುತ್ತಾ.

ಈಗ ಪ್ರತಿ ಭಾನುವಾರ ಮಾವ ಕಾರು ತೊಳೆದು ದೀಪಗಳನ್ನು ಲಕಲಕ ಅನ್ನಿಸಿ ಒರೆಸುತ್ತಾರೆ. ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಎಡಗಡೆಯ ಮೂಲೆಯಲ್ಲಿ ಅಡ್ಡಗೆರೆಯ ಹೆಬ್ಬೆಟ್ಟು ಮತ್ತೆ ಇರುತ್ತದೆ.